ಹಾರ್ಮೋನ್ ಚಿಕಿತ್ಸೆಗೆ ಅಂಜಬೇಕೆ?

ಪ್ರಶ್ನೆ: ನನಗೆ 49 ವರ್ಷ, ಶಾಲಾ ಶಿಕ್ಷಕಿ. ಮುಟ್ಟು ನಿಂತು 14 ತಿಂಗಳಾಗಿತ್ತು. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಮುಖದವರೆಗೆ ಬಿಸಿ ಏರಿ ರವಿಕೆ ತೊಯ್ದುಹೋಗುತ್ತದೆ. ಡಿಸೆಂಬರ್ ಚಳಿಯಲ್ಲೂ ರಾತ್ರಿ ಫ್ಯಾನ್ ಬೇಕು, ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ವೈದ್ಯರೊಬ್ಬರು ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದರು. ಸ್ತನ ಕ್ಯಾನ್ಸರ್ ಬರುತ್ತದೆಂದು ಅಕ್ಕ ಹೆದರಿಸುತ್ತಾಳೆ; ‘ನಾವೆಲ್ಲ ಸಹಿಸಿಕೊಳ್ಳಲಿಲ್ಲವೇ’ ಎನ್ನುತ್ತಾರೆ ಅತ್ತೆ. ಗರ್ಭಕೋಶ ತೆಗೆಸಿಲ್ಲ; ಬಿಪಿ, ಸಕ್ಕರೆ ಕಾಯಿಲೆ ಇಲ್ಲ. ಕಳೆದ ತಿಂಗಳು ಎರಡು ದಿನ ತುಸು ರಕ್ತ ಕಾಣಿಸಿ ತಾನಾಗಿಯೇ ನಿಂತಿತು. ಏನು ಮಾಡಲಿ?
— ಹೆಸರು ಬೇಡ, ಬಸವನಗುಡಿ, ಬೆಂಗಳೂರು

ಉತ್ತರ: ನೀವು ಕೊನೆಯಲ್ಲಿ ಹೇಳಿ ಮುಗಿಸಿದ ಸಂಗತಿಯಿಂದಲೇ ಆರಂಭಿಸುತ್ತೇನೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತೇವೆ. ಆ ಬಳಿಕ ಒಂದು ಹನಿ ರಕ್ತ ಕಂಡರೂ ಅದನ್ನು ಮುಟ್ಟೆಂದು ಬಗೆದು ಸುಮ್ಮನಿರಬಾರದು. ಬಹಳಷ್ಟು ಮಂದಿಯಲ್ಲಿ ಯೋನಿಯ ಒಳಪದರ ಒಣಗಿ ತೆಳುವಾಗಿದ್ದರಿಂದಲೋ, ಪಾಲಿಪ್ ಎಂಬ ಸಣ್ಣ ಗಂಟಿನಿಂದಲೋ ಹೀಗಾಗುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ತೋರುವ ಲಕ್ಷಣವೂ ಇದೇ. ದಯವಿಟ್ಟು ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ನಿಮಗೆ ದೂರವಲ್ಲದ ವಾಣಿವಿಲಾಸ ಆಸ್ಪತ್ರೆಯಲ್ಲೂ ತೋರಿಸಬಹುದು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಒಳಪದರದ ದಪ್ಪ 4 ಮಿ.ಮೀ. ಮೀರಿದ್ದರೆ ಸಾಮಾನ್ಯವಾಗಿ ಬಯಾಪ್ಸಿ (ಪದರದ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸುತ್ತಾರೆ. ಕಾರಣ ತಿಳಿಯುವವರೆಗೆ ಹಾರ್ಮೋನ್ ಬೇಡ.

ಅಕ್ಕನವರ ಭಯಕ್ಕೆ ಆಧಾರವಿಲ್ಲವೆಂದಲ್ಲ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದಾಗ, ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 8 ಮಂದಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬಂದದ್ದು ಕಂಡಿತು. ಆದರೆ ಆ ಅಧ್ಯಯನದಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯ ಗದ್ದಲದಲ್ಲಿ ಮರೆಯಾಯಿತು. 60 ದಾಟದ, ಮುಟ್ಟು ನಿಂತು 10 ವರ್ಷವಾಗದ, ಬೇರೆ ಅಡ್ಡಿಯಿಲ್ಲದ ಮಹಿಳೆಗೆ ಇಷ್ಟು ತೊಂದರೆ ಇದ್ದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಬಿಸಿ ಏರುವುದಕ್ಕೆ ಈ ಚಿಕಿತ್ಸೆಯ ಮುಖ್ಯ ಹಾರ್ಮೋನ್ ಆದ ಈಸ್ಟ್ರೋಜೆನ್‌ನಷ್ಟು ಪರಿಣಾಮಕಾರಿಯಾದ ಔಷಧ ಬೇರೊಂದಿಲ್ಲ, ಮೂಳೆ ಸವೆತವನ್ನೂ ಅದು ತಡೆಯುತ್ತದೆ.

ನಿಮಗೆ ಗರ್ಭಕೋಶವಿರುವುದರಿಂದ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ. ಒಳಪದರ ದಪ್ಪವಾಗದಂತೆ ಕಾಯಲು ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ತೀವ್ರ ಯಕೃತ್ತಿನ ಕಾಯಿಲೆ ಇವುಗಳಲ್ಲಿ ಯಾವುದಾದರೂ ಆಗಿದ್ದವರಿಗೆ ಈ ಚಿಕಿತ್ಸೆ ಸಲ್ಲದು. ಅಂಥವರ ಬಿಸಿಗೆ ಹಾರ್ಮೋನ್ ಅಲ್ಲದ ಔಷಧಗಳೂ ಇವೆ. ವರ್ಷಗಳು ಕಳೆದಂತೆ ಅಪಾಯ ಏರುವುದರಿಂದ, ಆರಂಭಿಸಿದ ಮೇಲೆ ಪ್ರತಿ ವರ್ಷ ವೈದ್ಯರೊಡನೆ ಕುಳಿತು ಮುಂದುವರಿಸಬೇಕೇ ಎಂದು ಪರಿಶೀಲಿಸಬೇಕು.

ಅತ್ತೆಯವರ ಸಹನೆಯ ಮೇಲೆ ನನಗೆ ಗೌರವವಿದೆ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಗ್ಗೆ ತರಗತಿಯಲ್ಲಿ ನಿಲ್ಲುವುದು ನೀವು ಹೊರಲೇಬೇಕಾದ ಹೊರೆಯಲ್ಲ. ಬೆವರು, ನಿದ್ದೆಗೇಡು ಥೈರಾಯ್ಡ್ ದೋಷದಲ್ಲೂ ಬರುವುದರಿಂದ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಿ. ಮೂಳೆಯ ಮಟ್ಟಿಗೆ ನಮ್ಮ ರಾಗಿಮುದ್ದೆ ಬಲು ಉಪಕಾರಿ: 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ನಷ್ಟು ಕ್ಯಾಲ್ಸಿಯಂ ಇದೆ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಲಾಲ್‌ಬಾಗ್‌ನಲ್ಲಿ ಬಿರುಸಾಗಿ ನಡೆಯಿರಿ.

ವೈದ್ಯರ ಬಳಿ ಹೋಗುವ ಮುನ್ನ, ಮನೆತನದಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ ಎಂದು ಅಕ್ಕನನ್ನು ಕೇಳಿ. ಆಗಿದ್ದರೆ, ಯಾರಿಗೆ, ಯಾವ ವಯಸ್ಸಿನಲ್ಲಿ ಎಂಬುದನ್ನು ರಕ್ತ ಕಂಡ ದಿನಾಂಕದ ಜೊತೆಗೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.