ಎಚ್‌ಐವಿ ಇರುವವರ ಗುಂಪು ಬೇಡದಿದ್ದರೆ ಬೇಡ, ಒಬ್ಬಾಕೆ ಮಾತ್ರ ಬೇಕೇ ಬೇಕು

"ಐದು ತಿಂಗಳ ಬಸುರಿ, ಎಚ್‌ಐವಿ ಇದೆ. ಆಪ್ತಸಮಾಲೋಚಕಿ ಇರುವಾಗ ನನ್ನಂಥ ಇನ್ನೊಬ್ಬ ಹೆಂಗಸಿಗೆ ಯಾಕೆ ಮುಖ ತೋರಿಸಲಿ? ಗುಟ್ಟು ಹೊರಬಿದ್ದರೆ?" ಎಂದು ಕೇಳಿದ್ದೀರಿ. 2021ರಲ್ಲಿ ಇದೇ ಮಾತು ನನ್ನ ಬಾಯಲ್ಲಿತ್ತು.

ಬಾಗಲಕೋಟೆ ಕಡೆಯವಳು ನಾನು. ಸಮಾಲೋಚಕಿ ಒಬ್ಬಾಕೆಯನ್ನು ಪರಿಚಯಿಸಿದರು. ಕಂಕುಳಲ್ಲಿ ಎರಡು ವರ್ಷದ ಹುಡುಗಿ. "ನಂದೂ ನಿಮ್ಮಂಗನ, ಈಕಿಗೆ ನೆಗೆಟಿವ್ ಬಂದೈತಿ" ಅಂದಳು. ಆ ಕೂಸಿನ ಮುಖವನ್ನೂ ನಾನು ನೋಡಲಿಲ್ಲ. ನಂಬರ್ ಬರೆದುಕೊಟ್ಟ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಹರಿದೊಗೆದೆ.

ಏಳರಲ್ಲಿ ಕುಬಸ ಮಾಡಿ ತವರಿಗೆ ಕರೆದೊಯ್ದರು. ತಪ್ಪಾದದ್ದು ಆ ದಿನ. ದಿನಾ ನುಂಗುವ ಎಚ್‌ಐವಿ ಗುಳಿಗೆ, ಮೂವತ್ತರ ಡಬ್ಬಿ, ಕೈಗೆತ್ತಿದರೆ ಗಲಗಲ ಅನ್ನುತ್ತದೆ. ಚೀಲ ತುಂಬುತ್ತಿದ್ದವಳು ನಮ್ಮ ವೈನಿ. ಹೆದರಿ ಡಬ್ಬಿಯನ್ನು ಜೋಳದ ಚೀಲದ ಹಿಂದೆ ಬಿಟ್ಟು ಹೊರಟೆ. ಎರಡು ದಿನ ಬಿಟ್ಟು ಗಂಡ ಬರುತ್ತಾರೆ, ತರುತ್ತಾರೆ ಅಂದುಕೊಂಡೆ. ಅವರು ಕಬ್ಬು ಕಡಿಯಲು ಹೋಗಿದ್ದವರು, ಬಂದದ್ದು ಹತ್ತೊಂಬತ್ತು ದಿನದ ಮೇಲೆ. ನಾನು ಮರೆತದ್ದಲ್ಲ, ಸೋಮಾರಿತನವೂ ಅಲ್ಲ. ದಿನಾ ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದೆ: ಇವತ್ತಿಗೆ ಐದು, ಇವತ್ತಿಗೆ ಎಂಟು. ಜ್ವರ ಇಲ್ಲ, ಸುಸ್ತಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂದು ನಂಬಿದೆ. ವೈರಸ್ ಏರುವಾಗ ಮೈಗೆ ಗೊತ್ತಾಗುವುದಿಲ್ಲ. ಫೋನ್ ಮಾಡೋಣವೆಂದರೆ ಪಡಸಾಲೆ ತುಂಬ ಜನ, ಮಾಡಿದರೂ ಯಾರಿಗೆ? ಚೀಟಿ ಹರಿದಿದ್ದೆನಲ್ಲ.

ಎಂಟರಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣ, ಹೆಚ್ಚು ಬಂತು. ಮಗುವಿಗೆ ಅಪಾಯ ಜಾಸ್ತಿ ಎಂದು ಹುಟ್ಟಿದ ಕೂಡಲೇ ಸೋಂಕು ತಡೆಯುವ ನೆವಿರಪಿನ್ ಔಷಧಿಯ ಜೊತೆ ಜಿಡೋವುಡಿನ್ ಕೂಡ ಕುಡಿಸಬೇಕಾಯಿತು. ಅಂಗೈಯಗಲದ ಕೂಸು, ಎರಡೆರಡು ಔಷಧಿ.

ಆಮೇಲೆ ಚೀಟಿ ಕೊಟ್ಟಿದ್ದ ಆಕೆಯನ್ನು ನಾನೇ ಹುಡುಕಿಸಿದೆ. ಡಬ್ಬಿಯ ಕತೆ ಕೇಳಿ ಆಕೆ ಬೈಯಲಿಲ್ಲ. "ಒಳಗ ಹತ್ತಿ ತುರುಕಿದ್ರ ಸಪ್ಪಳ ಬರಂಗಿಲ್ಲ, ಮ್ಯಾಲಿನ ಲೇಬಲ್ ಕಿತ್ತೊಗಿ. ಬಸುರಿ ಗುಳಿಗಿ ನುಂಗಿದ್ರ ಯಾರ್ ಕೇಳ್ತಾರ?" ಅಂದಳು. ಇಷ್ಟೇ. ತವರಿನ ಹತ್ತಿರದ ಎಆರ್‌ಟಿ ಕೇಂದ್ರದಲ್ಲೂ (ಎಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರ) ಗುಳಿಗೆ ಪಡೆಯಲು ವ್ಯವಸ್ಥೆ ಮಾಡಿಸಿಕೊಳ್ಳಬಹುದು ಎಂದು ತಿಳಿದದ್ದೂ ಆಕೆಯಿಂದ. ಡೊಲುಟೆಗ್ರಾವಿರ್ ಎಂಬ ಔಷಧಿ ಇರುವ ಎಚ್‌ಐವಿ ಗುಳಿಗೆಯನ್ನು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ಎರಡು ತಾಸು ಮೊದಲು, ಇಲ್ಲವೇ ಆರು ತಾಸು ನಂತರ ತಗೊಳ್ಳಬೇಕೆಂದು ಡಾಕ್ಟರೂ ಹೇಳಿದ್ದರು. ತಲೆಗೆ ಹೋದದ್ದು ಆಕೆ ಹೇಳಿದಾಗ.

ಆರು ವಾರಕ್ಕೆ ಎಚ್‌ಐವಿ ಪರೀಕ್ಷೆಗೆಂದು ಮಗನ ಹಿಮ್ಮಡಿಯ ರಕ್ತ ತೆಗೆದರು. ಮುಂದೆ ಆರು ತಿಂಗಳು, ವರ್ಷ, ಕೊನೆಗೆ ಹದಿನೆಂಟು ತಿಂಗಳು. ಪ್ರತಿ ಸಲವೂ ಆಕೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಳು. ನನ್ನ ಮಗನಿಗೆ ನೆಗೆಟಿವ್.

ಹಾಗಾಗಿ ಸಮಾಲೋಚಕಿಯೋ ಇನ್ನೊಬ್ಬಳೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಸಮಾಲೋಚಕಿಗೆ ಗುಳಿಗೆ ಗೊತ್ತು. ಆರು ಜನ ಇರುವ ಅಡುಗೆಮನೆಯಲ್ಲಿ ಅದನ್ನು ನುಂಗುವುದು ಹೇಗೆಂದು ನುಂಗಿದವಳಿಗೇ ಗೊತ್ತು. ಗುಟ್ಟಿನ ಮಾತಿಗೆ ಬಂದರೆ, ಅದು ಆಕೆಯದ್ದೂ ಹೌದು. ಒಪ್ಪಿಗೆಯಿಲ್ಲದೆ ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ಹೇಳುವುದನ್ನು 2017ರ ಎಚ್‌ಐವಿ ಕಾಯ್ದೆಯೂ ತಡೆಯುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು, ಸರಿಯಾಗಿ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಆ ಅಂತರ ಇರುವುದು ದಿನದ ಒಂದು ಗುಳಿಗೆಯಲ್ಲಿ.

ಮುಂದಿನ ಸಲ ಹೋದಾಗ "ಹೆರಿಗೆ ಆಗಿರೋ ಒಬ್ಬರ ಜೊತೆ ಮಾತಾಡಿಸಿ" ಅನ್ನಿ. ಅಲ್ಲಿ ಕೇಳಲು ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ತವರಿಗೆ ಹೋಗುವ ದಿನ ಗೊತ್ತಾದ ತಕ್ಷಣ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಹತ್ತಿಯನ್ನು ಮಾತ್ರ ಇವತ್ತೇ ತಂದಿಡಿ.