ಗೋಣಿಯ ಅಡಿಯ ಅಡಿಕೆ

ತಮ್ಮಾ,

ನಿನ್ನ ಮೇಲ್ ಎರಡು ಸಲ ಓದಿದೆ. ಕಾಸರಗೋಡಿನ ನೀರ್ಚಾಲಿನಿಂದ ಜರ್ಮನಿಯ ಸ್ಟಟ್‌ಗಾರ್ಟಿಗೆ ಬಂದು ಮೂರು ತಿಂಗಳಾಯಿತು, ಮ್ಯಾನೇಜರ್ ಒಳ್ಳೆಯದು ಅಂತಲೂ ಹೇಳುವುದಿಲ್ಲ, ಕೆಟ್ಟದು ಅಂತಲೂ ಹೇಳುವುದಿಲ್ಲ, ಆಫೀಸಿನಲ್ಲಿ ನನ್ನ ಹೆಸರು ಹೇಗಿದೆ ಅಂತ ತಿಳಿಯುವುದು ಹೇಗಕ್ಕಾ ಅಂತ ಕೇಳಿದ್ದೀಯ.

ಮೊದಲು ಆ ಮೌನಕ್ಕೆ ಹೆದರಬೇಡ. ಈ ಸೀಮೆಯವರಲ್ಲಿ ಒಂದು ಗಾದೆಯೇ ಇದೆ: ಬೈಯದಿದ್ದರೆ ಸಾಕಷ್ಟು ಹೊಗಳಿದ ಹಾಗೆ.

ನಮ್ಮ ಕಡೆ ಹೆಸರು ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ ಅಲ್ವಾ? ಬದಿಯಡ್ಕ ಪೇಟೆಯಲ್ಲಿ ಬಸ್ಸಿಳಿದರೆ ಸಾಕು, 'ಯಾವ ಮನೆಯವ?' ಅಂತ ಕೇಳುತ್ತಾರೆ. ಮನೆ ಹೆಸರು ಹೇಳಿದರೆ ಅಜ್ಜನಿಂದ ಹಿಡಿದು ಎಲ್ಲ ಲೆಕ್ಕ ಅವರ ತಲೆಯಲ್ಲಿ ತಯಾರು. ಇಲ್ಲಿ ನಿನ್ನ ಅಪ್ಪ ಯಾರಿಗೂ ಗೊತ್ತಿಲ್ಲ. ಮೊದಲ ವರ್ಷ ನನಗೆ ಚಳಿಗಿಂತ ಇದೇ ಜಾಸ್ತಿ ಕಷ್ಟವಾಗಿತ್ತು.

ಅಡಿಕೆ ಅಂಗಡಿಯಲ್ಲಿ ನೋಡಿದ್ದೀಯಲ್ಲ. ಹೊಸಬರು ಗೋಣಿ ತಂದರೆ ಸೇಟು ಮೇಲಿನ ಅಡಿಕೆ ನೋಡುವುದೇ ಇಲ್ಲ. ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ. ನಾಲ್ಕು ತುಂಡು ಮಾಡಿ ಒಳಗಿನ ಬಣ್ಣ ನೋಡುತ್ತಾರೆ. ನನ್ನ ಅಪ್ಪ ರಾತ್ರಿ ಜಗಲಿಯಲ್ಲಿ ಕೂತು ಪಟೋರ, ಕೋಕ ಅಂತ ಕಡಿಮೆ ದರ್ಜೆಯ ಅಡಿಕೆ ಎಲ್ಲ ಹೆಕ್ಕಿ ಬೇರೆ ಇಟ್ಟೇ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ತುಂಬುತ್ತಿದ್ದರು. ಹಲವು ವರ್ಷ ಹಾಗೆ ಕೊಟ್ಟ ಮೇಲೆ ನಮ್ಮ ಗೋಣಿಯ ಬಾಯಿ ಬಿಚ್ಚದೆ ನೇರ ತಕ್ಕಡಿಗೆ ಹಾಕುತ್ತಿದ್ದರು. ಆಫೀಸಿನಲ್ಲಿ ನಿನ್ನ ಹೆಸರು ಅಳೆಯಬೇಕಾದರೆ ಅದನ್ನೇ ನೋಡು: ನಿನ್ನ ಗೋಣಿಯನ್ನು ಇನ್ನೂ ಎಷ್ಟು ಜನ ಬಿಚ್ಚಿ ನೋಡುತ್ತಿದ್ದಾರೆ?

ನನ್ನದೇ ಕಥೆ ಹೇಳುತ್ತೇನೆ. ಸೇರಿದ ಹೊಸದರಲ್ಲಿ ಮೀಟಿಂಗಿನಲ್ಲಿ 'ಈ ಟೆಸ್ಟ್ ಶುಕ್ರವಾರದೊಳಗೆ ಆಗುತ್ತದಾ' ಅಂತ ಕೇಳಿದರು. ಊರಿನಲ್ಲಿ 'ನೋಡುವ' ಅನ್ನುತ್ತೇವಲ್ಲ, ಅದೇ ಮನಸ್ಸಿನಲ್ಲಿ ತಲೆಯಾಡಿಸಿದೆ. ಅವರು ಶುಕ್ರವಾರ ಅಂತ ಬರೆದುಕೊಂಡರು. ಆಗುವುದಿಲ್ಲ ಅಂತ ಬುಧವಾರವೇ ಗೊತ್ತಾಯಿತು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಶುಕ್ರವಾರ ಸಂಜೆ ಟೀಮ್ ಲೀಡ್ ನನ್ನ ಮೇಜಿನ ಹತ್ತಿರ ಬಂದು ನಿಂತಾಗ ನನ್ನ ಹತ್ತಿರ ಅರ್ಧ ಫೈಲ್ ಮಾತ್ರ ಇತ್ತು. ಯಾರೂ ಬೈಯಲಿಲ್ಲ. ಆದರೆ ಮುಂದಿನ ವಾರದಿಂದ ನನ್ನ ಪ್ರತಿ ಟೆಸ್ಟನ್ನೂ ಇನ್ನೊಬ್ಬರು ಮತ್ತೆ ಓಡಿಸಿ ನೋಡತೊಡಗಿದರು. ರಿಪೋರ್ಟಿನ ಕೆಳಗೆ ನನ್ನ ಸಹಿಯ ಪಕ್ಕ ಅವರ ಸಹಿ.

ತಡವಾಗಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ನಂಬಿಕೆ ಹೋದದ್ದು. ಆಮೇಲೆ ಆಗದ್ದನ್ನು ಗೊತ್ತಾದ ದಿನವೇ ಹೇಳಲು ಕಲಿತೆ. ಸುಮಾರು ಎಂಟು ತಿಂಗಳ ನಂತರ ಒಂದು ಮಂಗಳವಾರ ನೋಡುತ್ತೇನೆ, ರಿಪೋರ್ಟಿನಲ್ಲಿ ನನ್ನ ಸಹಿ ಮಾತ್ರ ಇದೆ. ಯಾರೂ ಏನೂ ಹೇಳಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. 'ಏನು ವಿಶೇಷ?' ಅಂತ ಕೇಳಿದರು. ಒಂದು ಸಹಿ ಕಡಿಮೆಯಾಯಿತು ಅಂತ ಹೇಗೆ ವಿವರಿಸುವುದು?

ನೀನೂ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡು. ನೀನು ತಾರೀಕು ಹೇಳಿದ ಮೇಲೆ ನಡುವೆ ಯಾರಾದರೂ ಮತ್ತೆ ಕೇಳುತ್ತಾರಾ? ತೀರ್ಮಾನ ಮಾಡುವ ಮೊದಲು ನಿನ್ನನ್ನು ಕೇಳುತ್ತಾರಾ, ಅಥವಾ ಮಾಡಿದ ಮೇಲೆ ತಿಳಿಸುತ್ತಾರಾ? ಏನಾದರೂ ಕೆಟ್ಟರೆ ನಿನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಊಟಕ್ಕೆ ಕರೆಯುತ್ತಾರಾ ಇಲ್ಲವಾ ಅನ್ನುವುದನ್ನು ಇದರಲ್ಲಿ ಸೇರಿಸಬೇಡ, ಅದು ಬೇರೆ. ಎಲ್ಲರ ಕೆಲಸವನ್ನೂ ತಿರುಗಿ ನೋಡುವ ಪದ್ಧತಿ ಕೆಲವು ಟೀಮಿನಲ್ಲಿ ಇರುತ್ತದೆ, ಅದಕ್ಕೂ ಬೇಸರ ಮಾಡಬೇಡ.

ಆಮೇಲೆ ಬಾಯಿಬಿಟ್ಟು ಕೇಳು. 'ನಾನು ಹೇಗಿದ್ದೇನೆ' ಅಂತ ಕೇಳಿದರೆ ಎಲ್ಲರೂ 'ಪರವಾಗಿಲ್ಲ' ಅನ್ನುತ್ತಾರೆ. 'ನಾನು ಯಾವುದನ್ನು ಬೇರೆ ರೀತಿ ಮಾಡಿದರೆ ನಿಮ್ಮ ಕೆಲಸ ಸುಲಭವಾಗುತ್ತದೆ' ಅಂತ ಕೇಳು. ಮ್ಯಾನೇಜರ್, ನಿನಗೆ ಕೆಲಸ ಕೊಡುವವರು, ನಿನ್ನ ಕೆಲಸವನ್ನು ಮುಂದೆ ತೆಗೆದುಕೊಳ್ಳುವವರು, ಮೂವರನ್ನೂ ಕೇಳು. ಇಬ್ಬರು ಒಂದೇ ಮಾತು ಹೇಳಿದರೆ ಅದನ್ನು ಗಟ್ಟಿಯಾಗಿ ಹಿಡಿದುಕೋ.

ಇಲ್ಲಿ ಹೆಸರು ಕಾಗದಕ್ಕೂ ಇಳಿಯುತ್ತದೆ. ಕೆಲಸ ಬಿಡುವಾಗ ಆರ್ಬೈಟ್ಸ್‌ಟ್ಸೊಯ್ಗ್ನಿಸ್, ಅಂದರೆ ನಿನ್ನ ಕೆಲಸ ಹೇಗಿತ್ತು ಅಂತ ಕಂಪನಿ ಬರೆದುಕೊಡುವ ಪತ್ರ, ಕೇಳಿ ಪಡೆಯುವುದು ಕಾನೂನಿನ ಹಕ್ಕು. ಓದಿದರೆ ಎಲ್ಲ ಹೊಗಳಿಕೆಯೇ, ಆದರೆ ಒಳಗೆ ಮಾರ್ಕು ಅಡಗಿರುತ್ತದೆ. 'ಯಾವಾಗಲೂ ನಮಗೆ ಪರಿಪೂರ್ಣ ತೃಪ್ತಿಯಾಗುವಂತೆ' ಅಂದರೆ ಒಂದನೇ ದರ್ಜೆ. 'ಯಾವಾಗಲೂ' ಇಲ್ಲದೆ 'ಪೂರ್ಣ ತೃಪ್ತಿಯಾಗುವಂತೆ' ಅಂತ ಮಾತ್ರ ಇದ್ದರೆ ಮೂರನೆಯದು. ಬರೀ 'ತೃಪ್ತಿಯಾಗುವಂತೆ' ಅಂದರೆ ನಾಲ್ಕು. 'ಪ್ರಯತ್ನಪಟ್ಟರು' ಅಂತ ಬರೆದರೆ ಕೆಲಸ ಬರಲಿಲ್ಲ ಅಂತ ಅರ್ಥ. ಗೊತ್ತಿಲ್ಲದೆ ಅದನ್ನೇ ಹೊಗಳಿಕೆ ಅಂದುಕೊಂಡು ಖುಷಿಪಡುವವರಿದ್ದಾರೆ.

ಭಾಷೆ ಗಟ್ಟಿ ಮಾಡಿಕೋ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಕನ್ನಡ, ಕಾಸರಗೋಡಿನ ಕಚೇರಿಗೆ ಹೋದರೆ ಮಲೆಯಾಳ. ಹಾಗೆ ಬೆಳೆದ ನಿನಗೆ ಜರ್ಮನ್ ಬಾರದೆ ಇರುವುದಿಲ್ಲ.

ನಿನ್ನ ಪ್ರೊಬೇಷನ್ ಆರು ತಿಂಗಳು ತಾನೇ? ಅಲ್ಲಿಯವರೆಗೆ ಎರಡು ವಾರದ ನೋಟಿಸ್ ಕೊಟ್ಟು ಬಿಡಿಸಬಹುದು. ಅದಕ್ಕೇ ಕಾಯಬೇಡ, ಈ ವಾರವೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಭಾನುವಾರ ಮನೆಗೆ ಬಾ. ಒಟ್ಟಿಗೆ ಕೂತು ಓದೋಣ. ಊರಿಂದ ತಂದ ಹಲಸಿನ ಹಪ್ಪಳ ಇನ್ನೂ ಇದೆ.