ಒಂದು ಕರಪತ್ರದಿಂದ ಕ್ರಾಂತಿ ಶುರುವಾಗಲು ಸಾಧ್ಯವೇ?

ಸುಮ್ನೆ ಕಾಗದ ಹಂಚಿದರೆ ಆಗುವುದಿಲ್ಲ. ಜನರ ಹೊಟ್ಟೆಯಲ್ಲಿ ಸಿಟ್ಟು ಮೊದಲೇ ಇರಬೇಕು. ಕರಪತ್ರ ಆ ಸಿಟ್ಟಿಗೆ ಮಾತು ಕೊಡುತ್ತದೆ.

ಅಮೆರಿಕವನ್ನೇ ನೋಡಿ. 1775ರಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಕಾಳಗ ಶುರುವಾಗಿತ್ತು. ಆದರೂ ತುಂಬಾ ಜನ ರಾಜನ ಜೊತೆ ರಾಜಿಯಾದರೆ ಸಾಕು ಅಂದುಕೊಂಡಿದ್ದರು. 1776ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಥಾಮಸ್ ಪೇನ್ ಬರೆದ 'ಕಾಮನ್ ಸೆನ್ಸ್' ಎಂಬ ಕರಪತ್ರ ಹೊರಬಂತು. ಅದರಲ್ಲಿ ಲೇಖಕನ ಹೆಸರೇ ಇರಲಿಲ್ಲ. ಲ್ಯಾಟಿನ್ ಪಾಂಡಿತ್ಯದ ಪ್ರದರ್ಶನವಿಲ್ಲ, ಎಲ್ಲರಿಗೂ ಗೊತ್ತಿದ್ದ ಬೈಬಲ್ ಕಥೆಗಳಿಂದಲೇ ವಾದ. ಇಂಗ್ಲೆಂಡಿನ ರಾಜವಂಶದ ಮೂಲಪುರುಷ ವಿಲಿಯಂನನ್ನು ಡಕಾಯಿತರ ದಂಡು ಕಟ್ಟಿಕೊಂಡು ಬಂದ ಫ್ರೆಂಚ್ ಹಾದರದ ಕೂಸು ಅಂತ ಬೈದಿದ್ದ! ದೇವರಂತಿದ್ದ ರಾಜನನ್ನು ಅಚ್ಚಿನಲ್ಲಿ ಹೀಗೆ ಜಾಡಿಸಿದ್ದನ್ನು ಓದಿದರೆ ಅರ್ಧ ಭಯ ಹೋದಂತೆಯೇ ಅಲ್ವಾ? ಓದು ಬಾರದವರಿಗೆ ಬೇರೆಯವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಜುಲೈ ಹೊತ್ತಿಗೆ ಸ್ವಾತಂತ್ರ್ಯ ಘೋಷಣೆಯೇ ಆಯಿತು. ಅದಕ್ಕೆ ಯುದ್ಧ, ತೆರಿಗೆ ಎಲ್ಲವೂ ಕಾರಣ. ಆದರೆ ಬಿಡುಗಡೆ ಅನ್ನುವ ಮಾತನ್ನು ಬಾಯಿಬಿಟ್ಟು ಆಡಲು ಧೈರ್ಯ ಕೊಟ್ಟಿದ್ದು ಈ ಪುಟ್ಟ ಪುಸ್ತಕ.

ಫ್ರಾನ್ಸಿನಲ್ಲೂ ಹೀಗೇ. 1789ರ ಆರಂಭದಲ್ಲಿ ಸಿಯೆಸ್ ಎಂಬ ಪಾದ್ರಿ ತನ್ನ ಕರಪತ್ರದಲ್ಲಿ, ಸಾಮಾನ್ಯ ಜನರ ವರ್ಗ ಅಂದರೆ ಏನು ಎಂದು ಕೇಳಿ, 'ಎಲ್ಲವೂ' ಎಂದು ತಾನೇ ಉತ್ತರಿಸಿದ. ಜೂನ್‌ನಲ್ಲಿ ಆ ವರ್ಗದ ಪ್ರತಿನಿಧಿಗಳು ತಾವೇ ರಾಷ್ಟ್ರೀಯ ಸಭೆ ಎಂದು ಸಾರಿಬಿಟ್ಟರು.